ಅತ್ತೆಯ ಮಾತಿಗೆ ಕಾದವಳು

ಅವಳು ಕೆಲಸ ಮಾಡುವ ಬ್ಯೂಟಿ ಪಾರ್ಲರಿನಲ್ಲಿ ಅವಳಿಗೆ ರೇಡಿಯೋ ಅಂತಲೇ ಹೆಸರು. ಕೈಯಲ್ಲಿ ಕತ್ತರಿ ಆಡುತ್ತಿದ್ದರೆ ಅದಕ್ಕಿಂತ ಜೋರಾಗಿ ಬಾಯಿ ಆಡುತ್ತಿತ್ತು. ಬಾಯಿ ಮುಚ್ಚಿದರೂ ತಲೆಯೊಳಗಿನ ಗದ್ದಲ ನಿಲ್ಲುತ್ತಿರಲಿಲ್ಲ: ಗ್ಯಾಸ್ ಆರಿಸಿದೆನೋ ಇಲ್ಲವೋ, ಮೊನ್ನೆ ಓರಗಿತ್ತಿ ಯಾಕೆ ಹಾಗಂದಳು.

ಚಳಿಗಾಲ ಶುರುವಾಗುವ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಮೆಲ್ಲಗೆ ಹತೋಟಿಗೆ ಬಂದವು, ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಹೇಳಬೇಕೆಂದ ಪದ ಮಾತ್ರ ಗಂಟಲಿಗೆ ಬಂದು ನಿಂತುಬಿಡುತ್ತಿತ್ತು. ಸೊಸೆಗೆ ಅದನ್ನು ನೋಡಲಾಗುತ್ತಿರಲಿಲ್ಲ. "ನೀರು ಬೇಕಾ ಅತ್ತೆ? ಬೇಡ್ವಾ? ಟಿವಿ ಹಾಕ್ಲಾ? ಚಳಿ ಆಗ್ತಿರ್ಬೇಕು, ತಾಳಿ, ಹೊದಿಸ್ತೀನಿ," ಎಂದು ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದಳು. ಒಂದು ದಿನ ಅತ್ತೆ ಹೊದಿಕೆಯನ್ನು ಕಿತ್ತೆಸೆದು ಗೋಡೆಯ ಕಡೆ ಮುಖ ತಿರುಗಿಸಿದರು. ಸೊಸೆ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.

ಮಾತು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ನೇರವಾಗಿಯೇ ಹೇಳಿದಳು.

"ಅಕ್ಕಾ, ಅವರಿಗೆ ಪದ ಸಿಗೋಕೆ ಹೊತ್ತು ಬೇಕು. ಅಷ್ಟರಲ್ಲಿ ನೀವೇ ಹೇಳಿಬಿಟ್ರೆ ಅವರು ಹುಡುಕೋದನ್ನೇ ಬಿಡ್ತಾರೆ. ಸುಮ್ನೆ ಕಾಯಿರಿ."

"ಸುಮ್ನಿರೋದಾ? ನಾನಾ?"

"ಬೆಳಗ್ಗೆ ಸ್ವಲ್ಪ ಹೊತ್ತು ಕಣ್ಮುಚ್ಚಿ ಕೂತ್ಕೊಳ್ಳಿ. ಉಸಿರು ಬರೋದು, ಹೋಗೋದು ನೋಡಿ. ಅಭ್ಯಾಸ ಆಗುತ್ತೆ."

ಗಂಡ ಬಿದ್ದು ಬಿದ್ದು ನಕ್ಕ. "ಧ್ಯಾನನಾ? ನಿದ್ದೇಲೂ ಮಾತಾಡ್ತೀಯಲ್ಲೇ!"

ಮನೆಯಲ್ಲಿ ಮಾನ ಹೋಗುವುದು ಬೇಡವೆಂದು ಅವಳು ಪಾರ್ಲರಿಗೆ ಬೇಗ ಹೋಗಿ, ಗಿರಾಕಿಗಳು ಬರುವ ಮುಂಚೆ ಅವರ ಕುರ್ಚಿಯಲ್ಲೇ ಕೂತಳು. ಎರಡು ಉಸಿರಾಗುವಷ್ಟರಲ್ಲಿ ಮನಸ್ಸು ಓಟ ಕಿತ್ತಿತ್ತು. ವಾರವಿಡೀ ಅದೇ ಪಾಡು.

"ನನ್ನ ಕೈಲಾಗಲ್ಲ ಡಾಕ್ಟ್ರೇ," ಎಂದು ಥೆರಪಿಸ್ಟಿನ ಮುಂದೆ ಕೈಚೆಲ್ಲಿದಳು. "ಉಸಿರು ನೋಡ್ತಾ ಕೂತವಳು, ಆಮೇಲೆ ನೋಡಿದ್ರೆ ಎದ್ದು ಟವೆಲ್ ಮಡಚ್ತಾ ಇದ್ದೆ!"

ಥೆರಪಿಸ್ಟಿಗೂ ನಗು ತಡೆಯಲಾಗಲಿಲ್ಲ. "ಮಡಚ್ತಾ ಇದ್ದೀನಿ ಅಂತ ಗೊತ್ತಾಯ್ತಲ್ಲ? ಅದೇ ಬೇಕಾಗಿರೋದು. ಮನಸ್ಸು ಓಡುತ್ತೆ, ಅದರ ಕೆಲಸವೇ ಅದು. ಬೈಕೋಬೇಡಿ, ವಾಪಸ್ ಬಂದು ಕೂತ್ಕೊಳ್ಳಿ."

ಬೈದುಕೊಳ್ಳುವುದನ್ನು ಬಿಟ್ಟ ಮೇಲೆ ಕೂರುವುದು ಸ್ವಲ್ಪ ಹಗುರವಾಯಿತು. ಗದ್ದಲವೇನೂ ನಿಲ್ಲಲಿಲ್ಲ, ಆದರೆ ಓಡಿಹೋದದ್ದು ಬೇಗ ತಿಳಿಯತೊಡಗಿತು.

ಒಂದು ಸಂಜೆ ಅತ್ತೆಯ ಪಕ್ಕ ಕೂತು ಕೇಳಿದಳು: "ಏನು ಬೇಕು ಅತ್ತೆ?"

ಅತ್ತೆಯ ತುಟಿ ಅಲುಗಿತು. "ಹೊ..."

ಹೊದಿಕೆ ಅನ್ನುತ್ತಿದ್ದಾರೆ ಎಂದು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ತಡೆದಳು. ಉಸಿರು ಬಂತು, ಹೋಯಿತು. ರಾತ್ರಿಗೆ ಏನು ಅಡುಗೆ ಎಂದಿತು ಮನಸ್ಸು. ಮತ್ತೆ ಉಸಿರಿಗೆ ಬಂದಳು. ಅತ್ತೆಯ ಹಣೆಯಲ್ಲಿ ಗೆರೆ ಮೂಡಿ, ಕಣ್ಣು ಕಿರಿದಾಗಿ, ಕೊನೆಗೆ ಪದ ಹೊರಬಿತ್ತು.

"ಹೊರ...ಗೆ."

ಎಷ್ಟು ದಿನದಿಂದ ಅದನ್ನೇ ಹೇಳಲು ಹೆಣಗುತ್ತಿದ್ದರೋ! ಸೊಸೆಗೆ ನಾಚಿಕೆಯೂ ಖುಷಿಯೂ ಒಟ್ಟಿಗೇ ಆಯಿತು. ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿ, ಬೀದಿಯ ಬದಿಯ ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಸೈಕಲ್ಲುಗಳು ಹೋಗುತ್ತಿದ್ದವು, ಎದುರು ಮನೆಯಲ್ಲಿ ಯಾರೋ ಕಿಟಕಿ ಒರೆಸುತ್ತಿದ್ದರು. ಅತ್ತೆ ಎಲ್ಲವನ್ನೂ ಕಣ್ತುಂಬ ನೋಡಿದರು. ಆಮೇಲೆ ಅವಳ ಕಡೆ ತಿರುಗಿ ಮತ್ತೇನೋ ಹೇಳಲು ಬಾಯಿ ತೆರೆದರು.

ಸೊಸೆ ಅವರ ಕೈ ಹಿಡಿದುಕೊಂಡು ಕಾದಳು.