ಬೆನ್ನಿಗೆ ಬೆಚ್ಚನೆಯ ಬಟ್ಟೆ

ನೋವಿಗೆ ಮನುಷ್ಯ ಕೂಗುವುದು ಒಂದು ಮಟ್ಟದವರೆಗೆ ಮಾತ್ರ. ಅದನ್ನು ದಾಟಿದ ಮೇಲೆ ಹೊರಡುವ ಸದ್ದು ಮನುಷ್ಯರದ್ದೇ ಎಂದು ಆಣೆ ಮಾಡಿ ಹೇಳಲಾಗದು. ಅಂಥ ಸದ್ದನ್ನು ಆ ಬೀದಿಯವರು ಇಸ್ತ್ರಿ ಅಂಗಡಿಯ ಪರದೆಯ ಹಿಂದಿನಿಂದ ಎರಡು ತಿಂಗಳು ಕೇಳಿದ್ದರು. ಬಟ್ಟೆ ಕೊಡಲು ಬಂದವರು ಗಂಟನ್ನು ಮೇಜಿನ ಮೇಲಿಟ್ಟು, ಯಾವಾಗ ಸಿಗುತ್ತದೆಂದೂ ಕೇಳದೆ ಹೊರಟುಬಿಡುತ್ತಿದ್ದರು.

ಕೂಗುತ್ತಿದ್ದವನು ಗೆರೆಯಣ್ಣ. ಅವನು ಪ್ಯಾಂಟಿಗೆ ಹಾಕಿದ ಗೆರೆಯಲ್ಲಿ ಗಡ್ಡ ಬೋಳಿಸಬಹುದು ಎಂದು ಯಾರೋ ತಮಾಷೆ ಮಾಡಿದ್ದು, ಹೆಸರಾಗಿ ಅಂಟಿಕೊಂಡಿತ್ತು. ಹೆಂಡತಿ ಇಸ್ತ್ರಿಯಕ್ಕ. ಕ್ಯಾನ್ಸರ್ ಅವನ ಬೆನ್ನುಮೂಳೆಗೆ ಇಳಿದಿತ್ತು. ವಾಸಿಯಾಗುವ ಮಾತನ್ನು ಡಾಕ್ಟರು ಕೈಬಿಟ್ಟಾಗಿತ್ತು. ನೋವಿಗೆಂದು ಕೊಟ್ಟ ಮಾರ್ಫಿನ್ ಮಾತ್ರೆ ಒಳಗೆ ಉಳಿದರೆ ಕೆಲಸ ಮಾಡುತ್ತಿತ್ತು, ಆದರೆ ನುಂಗಿದ್ದೆಲ್ಲ ವಾಂತಿಯಾಗಿ ಹೋಗುತ್ತಿತ್ತು. ಕೊನೆಗೆ ಮನೆಗೇ ಬರುವ ನರ್ಸಮ್ಮ ಅವನ ಬೆನ್ನಿನ ಮೇಲ್ಭಾಗಕ್ಕೆ ಒಂದು ಸಣ್ಣ ಪಟ್ಟಿ ಅಂಟಿಸಿದರು.

"ಇದ್ರಲ್ಲಿರೋ ಔಷಧಿ ಚರ್ಮದಿಂದ ಸ್ವಲ್ಪಸ್ವಲ್ಪವಾಗಿ ಒಳಗೆ ಇಳಿಯುತ್ತೆ. ಮೂರು ದಿನಕ್ಕೊಂದ್ಸಲ ಬದಲಾಯಿಸ್ತೀನಿ. ತುಂಬಾ ಬಲವಾದ ಔಷಧಿ ಅಕ್ಕಾ. ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಬಿಸಿಬಿಸಿ ಸ್ನಾನ ಮಾಡಿಸಬೇಡಿ. ಬಿಸಿ ತಾಗಿದ್ರೆ ಒಂದೇ ಸಲಕ್ಕೆ ಜಾಸ್ತಿ ಇಳಿದು ಉಸಿರಾಟ ನಿಧಾನ ಆಗಿಬಿಡುತ್ತೆ. ಮಧ್ಯೆ ನೋವು ಬಂದ್ರೆ ನೀವಾಗಿ ಏನೂ ಮಾಡೋಕೆ ಹೋಗಬೇಡಿ, ನನಗೊಂದು ಫೋನ್ ಮಾಡಿ."

ಮರುದಿನ ಸಂಜೆ ಗೆರೆಯಣ್ಣ ಕನ್ನಡಿ ಕೇಳಿದ. ತಲೆ ಬಾಚಿಕೊಂಡ. ಹೆಂಡತಿ ಮಡಚಿಟ್ಟಿದ್ದ ಅಂಗಿಯೊಂದನ್ನು ಕಣ್ಣು ಕಿರಿದು ಮಾಡಿ ನೋಡಿ, "ಏನೇ ಇದು ಕಾಲರ್ರು, ಎಮ್ಮೆ ನೆಕ್ಕಿದ ಹಾಗಿದೆ!" ಎಂದು ಬೈದ. ಇಸ್ತ್ರಿಯಕ್ಕ ಹಿತ್ತಲಿಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಎರಡು ತಿಂಗಳ ನಂತರ ಸಿಕ್ಕಿದ ಬೈಗುಳ ಅದು.

ಹನ್ನೊಂದು ದಿನ ಹಾಗೇ ನಡೆಯಿತು. ಮನೆಯಲ್ಲಿ ಆ ಪಟ್ಟಿಯನ್ನು ಸಹಿಸದವಳು ಒಬ್ಬಳೇ, ಗೆರೆಯಣ್ಣನ ಅಕ್ಕ, ಇಸ್ತ್ರಿಯಕ್ಕನಿಗೆ ಅತ್ತಿಗೆ. ತಮ್ಮನ ಆರೈಕೆಗೆಂದು ಬಂದು ಮಲಮೂತ್ರದ ಬಟ್ಟೆಯವರೆಗೆ ಎಲ್ಲವನ್ನೂ ಒಗೆಯುತ್ತಿದ್ದ ಹೆಂಗಸು. ಅವಳ ಪ್ರೀತಿಯಲ್ಲಿ ಲೋಪವಿರಲಿಲ್ಲ, ನಾಲಿಗೆಗೆ ಮಾತ್ರ ಲಗಾಮಿರಲಿಲ್ಲ.

"ನಶೆ ಹಚ್ಚಿ ಮಲಗಿಸಿದೀಯ ನನ್ನ ತಮ್ಮನ್ನ. ಇವತ್ತು ಒಂದು ಪಟ್ಟಿ, ನಾಳೆ ಎರಡು ಕೇಳ್ತಾನೆ. ಕೊನೆಗೆ ಅದೇ ಅವನನ್ನ ಕೊಲ್ಲುತ್ತೆ, ಬರೆದಿಟ್ಟುಕೋ."

ಹನ್ನೆರಡನೆಯ ದಿನ ಬೆಳಗ್ಗೆ ಗೆರೆಯಣ್ಣನ ಸೊಂಟದಲ್ಲಿ ನೋವು ಮತ್ತೆ ತಲೆಯೆತ್ತಿತು. ಅವನು ಹಲ್ಲು ಕಚ್ಚಿ ಹಾಸಿಗೆಯ ಅಂಚು ಹಿಡಿದುಕೊಂಡ. ಇಸ್ತ್ರಿಯಕ್ಕ ಫೋನು ಕೈಗೆತ್ತಿಕೊಂಡಳು.

"ನೋಡಿದ್ಯಾ? ಶುರುವಾಯ್ತು," ಎಂದಳು ಅತ್ತಿಗೆ, ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು. "ಒಂದು ಸಾಲದು ಅಂತ ಎರಡನೇದಕ್ಕೆ ಫೋನು."

ಇಸ್ತ್ರಿಯಕ್ಕ ಫೋನನ್ನು ಕೆಳಗಿಟ್ಟಳು. ಒಂದು ಕೊಂಕು ಮಾತಿಗೆ ಹೆದರಿ ಇಟ್ಟಳಲ್ಲ, ಅದಕ್ಕೆ ಏನೆನ್ನಬೇಕು? ಅತ್ತಿಗೆ ಬಟ್ಟೆ ಒಣಹಾಕಲು ಮಹಡಿ ಹತ್ತಿದಳು. ಇವಳು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಒತ್ತಿದಳು.

ಇಪ್ಪತ್ತಾರು ವರ್ಷ ಅದೇ ಮೇಜಿನ ಮುಂದೆ ನಿಂತು ಇಬ್ಬರ ಬೆನ್ನೂ ಸೆಟೆದುಹೋಗಿದ್ದವು. ಅಂಗಡಿ ಮುಚ್ಚುವ ಮೊದಲು ಹಳೆಯ ಹೊದಿಕೆಯೊಂದನ್ನು ಎಂಟು ಮಡಿಕೆ ಮಾಡಿ, ಮೇಲೆ ಪೆಟ್ಟಿಗೆ ಎಳೆದು, ಒಬ್ಬರು ಇನ್ನೊಬ್ಬರ ಬೆನ್ನಿಗೆ ಒತ್ತುವುದು ಅವರ ಪದ್ಧತಿ. ಜಗಳವಾಡಿ ಮಾತು ಬಿಟ್ಟ ದಿನವೂ ಅದು ತಪ್ಪುತ್ತಿರಲಿಲ್ಲ, ಎಷ್ಟೋ ಜಗಳ ಅಲ್ಲೇ ಮುಗಿಯುತ್ತಿದ್ದವು. ನರ್ಸಮ್ಮ ಬೇಡವೆಂದದ್ದು ಬಿಸಿನೀರಿನ ಚೀಲ ಮತ್ತು ಸ್ನಾನ. ದಿನವಿಡೀ ಬಿಸಿ ಬಟ್ಟೆಯಲ್ಲೇ ಕೈಯಾಡಿಸುವವಳಿಗೆ ಬಟ್ಟೆಯೂ ಬಿಸಿಯೇ ಎಂದು ಹೊಳೆಯಲೇ ಇಲ್ಲ.

ಭುಜದಿಂದ ಸೊಂಟದವರೆಗೆ ಅವಳು ಹೊದಿಕೆ ಒತ್ತಿದಳು.

"ಹಾ... ಇದಪ್ಪಾ," ಎಂದ ಗೆರೆಯಣ್ಣ. "ಇನ್ನೊಂದ್ಸಲ ಇಡೇ."

ಇಟ್ಟಳು. ಆರಿದಾಗಲೆಲ್ಲ ಮತ್ತೆ ಕಾಯಿಸಿ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಗಾಢ ನಿದ್ದೆ ಹತ್ತಿತ್ತು. ಹೊದಿಕೆಯನ್ನು ಬೆನ್ನ ಮೇಲೇ ಬಿಟ್ಟು ಅವಳು ಮೇಜಿಗೆ ಬಂದಳು, ಹದಿನೆಂಟು ಅಂಗಿ ಮುಗಿಸಿದಳು. ಯಾರ ಹಂಗೂ ಇಲ್ಲದೆ ಗಂಡನ ನೋವನ್ನು ತಾನೇ ಇಳಿಸಿದೆನೆಂಬ ಹಿಗ್ಗು ಅವಳ ಕೈಯಲ್ಲಿತ್ತು.

ಹತ್ತೊಂಬತ್ತನೆಯ ಅಂಗಿಯ ತೋಳಿನ ಹತ್ತಿರ ಅವಳಿಗೆ ಏನೋ ಕೊರತೆ ಅನ್ನಿಸಿತು. ಒಳಗಿನಿಂದ ಬರುತ್ತಿದ್ದ ಗೊರಕೆ ಕಡಿದು ಕಡಿದು ಬರುತ್ತಿತ್ತು. ಒಂದು ಬಂತು. ಕಾದಳು. ಪೆಟ್ಟಿಗೆ ಎತ್ತಿಟ್ಟು ಮತ್ತೆ ಕಾದಳು. ಇನ್ನೊಂದು ಬರಲು ಇಷ್ಟು ಹೊತ್ತು ಬೇಕೆ?

ಪರದೆ ಸರಿಸಿದಾಗ ಅವನ ತುಟಿ ನೀಲಿಯಾಗಿತ್ತು. ಅಲುಗಾಡಿಸಿದಳು, ಏಳಲಿಲ್ಲ. ರೆಪ್ಪೆ ಎತ್ತಿದಳು, ಕಣ್ಣಿನ ಕಪ್ಪು ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು. ಅವಳು ಹೊದಿಕೆಯನ್ನು ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡು ಫೋನು ಒತ್ತಿದಳು.

"ಪಟ್ಟಿ ಈಗಲೇ ಕಿತ್ತುಬಿಡಿ," ಎಂದರು ನರ್ಸಮ್ಮ. "ಅಂಟಿನ ಕಡೆ ಮುಟ್ಟಬೇಡಿ, ಒಳಮುಖ ಮಾಡಿ ಮಡಚಿಡಿ. ಆ ಜಾಗ ತಣ್ಣೀರಲ್ಲಿ ಒರೆಸಿ. ಆಂಬುಲೆನ್ಸ್ ಕಳಿಸ್ತಿದೀನಿ. ಅಲ್ಲೀವರೆಗೂ ಭುಜ ಅಲ್ಲಾಡಿಸ್ತಾ, ಉಸಿರಾಡಿ ಅಂತ ಕೂಗ್ತಾನೇ ಇರಿ, ಬಿಡಬೇಡಿ. ಅಕ್ಕಾ, ಬೆನ್ನಿಗೆ ಬಿಸಿ ಏನಾದ್ರೂ ಇಟ್ಟಿದ್ರಾ?"

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಕಂಕುಳಲ್ಲಿ ಹೊದಿಕೆ ಇನ್ನೂ ಬೆಚ್ಚಗಿತ್ತು.

"ಇಲ್ಲ," ಎಂದಳು ಇಸ್ತ್ರಿಯಕ್ಕ.

ಪಟ್ಟಿ ಕಿತ್ತು ಮಡಚಿಟ್ಟು ಬೆನ್ನು ಒರೆಸಿದಳು. ಆಮೇಲಿನ ಹೊತ್ತು ಎಷ್ಟೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. "ಉಸಿರಾಡ್ರೀ! ನನ್ನ ಮಾತು ಕೇಳಿ, ಒಂದು, ಒಂದೇ ಒಂದು ಉಸಿರು!" ಭುಜ ಹಿಡಿದು ಜಗ್ಗಿದರೆ ಒಂದು ಉಸಿರು ಬರುತ್ತಿತ್ತು, ಸುಮ್ಮನಾದರೆ ನಿಲ್ಲುತ್ತಿತ್ತು. ಅತ್ತಿಗೆ ತಮ್ಮನ ಪಾದ ತಿಕ್ಕುತ್ತಾ, "ನಾನು ಹೇಳಿರಲಿಲ್ವಾ, ಆ ವಿಷ, ಆ ವಿಷ" ಎಂದು ಗೋಳಾಡುತ್ತಿದ್ದಳು. ಕೂಗಿಕೂಗಿ ಗಂಟಲು ಕಟ್ಟಿದಾಗ ಇಸ್ತ್ರಿಯಕ್ಕ ಮೇಜಿನಿಂದ ಅರ್ಧ ಮುಗಿದ ಅಂಗಿಯನ್ನು ಎಳೆದು ತಂದು ಅವನ ಮುಖದ ಮುಂದೆ ಹಿಡಿದಳು. "ನೋಡಿ, ಕಾಲರ್ ಹಾಳು ಮಾಡಿಟ್ಟಿದೀನಿ. ಎಮ್ಮೆ ನೆಕ್ಕಿದೆ. ಬೈರಿ ನನ್ನ. ಬೈಯ್ರೀ!"

ಆಂಬುಲೆನ್ಸಿನವರು ಬಂದು ಬಾಯಿಗೆ ಮಾಸ್ಕ್ ಹಿಡಿದು ಗಾಳಿ ಒತ್ತಿದರು, ಪಟ್ಟಿಯ ಔಷಧಿಯ ಬಲ ಮುರಿಯುವ ಸೂಜಿಮದ್ದನ್ನು ಚೂರುಚೂರೇ ಕೊಟ್ಟರು. ತುಟಿಗೆ ಬಣ್ಣ ಬಂತು. ಎದೆ ತಾನಾಗಿ ಏರಿಳಿಯಿತು. ಅವನು ಕಣ್ಣು ಬಿಟ್ಟ, ಅದರ ಬೆನ್ನಿಗೇ ನೋವೂ ಎದ್ದಿತು. ಎರಡು ತಿಂಗಳ ಆ ಹಳೆಯ ಸದ್ದು ಮತ್ತೆ ಬೀದಿಗೆಲ್ಲ ಕೇಳಿಸಿತು.

"ಯಾಕೇ ಎಬ್ಬಿಸಿದೆ?" ಎಂದ ಅವನು, ಸ್ಟ್ರೆಚರಿನ ಮೇಲೆ, ಅವಳ ಮಣಿಕಟ್ಟು ಹಿಡಿದು. "ಎಷ್ಟು ಚೆನ್ನಾಗಿ ನಿದ್ದೆ ಬಂದಿತ್ತು. ಯಾಕೇ ಎಬ್ಬಿಸಿದೆ?"

ಅವಳು ಸ್ಟ್ರೆಚರಿನ ಜೊತೆಗೇ ಆಂಬುಲೆನ್ಸ್ ಹತ್ತಿದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು ಕಾಗದ ಹಿಡಿದು ಬಂದರು. ಒಳಗಿನ ಕೂಗು ಅಲ್ಲಿಗೂ ಕೇಳುತ್ತಿತ್ತು. "ಹನ್ನೊಂದು ದಿನ ಸರಿಹೋದ ಪಟ್ಟಿ ಇವತ್ತು ಹೀಗೆ ಮಾಡಿದೆ ಅಂದ್ರೆ, ಅವರ ದೇಹ ತಡ್ಕೊಳ್ತಿಲ್ಲ ಅಂತ ಕಾಣುತ್ತೆ. ಇನ್ನು ಅರ್ಧಕ್ಕೆ ಇಳಿಸಬೇಕು."

"ಅರ್ಧವೂ ಬೇಡ ಡಾಕ್ಟ್ರೇ," ಎಂದಳು ಅತ್ತಿಗೆ. "ನಾನು ಬದುಕಿರೋವರೆಗೂ ಅವನ ಮೈಗೆ ಅದನ್ನ ಹಚ್ಚೋಕೆ ಬಿಡಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಬೀಳುತ್ತಿದ್ದದ್ದು ಪಟ್ಟಿಗೆ, ಉರಿಯುವುದು ಗೆರೆಯಣ್ಣನಿಗೆ. ಇಸ್ತ್ರಿಯಕ್ಕ ಬಾಯಿ ಬಿಡದಿದ್ದರೆ ಸಾಕಿತ್ತು, ಅವಳ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಡನನ್ನು ಸಾವಿನ ಬಾಯಿಗೆ ದೂಡಿದವಳು ಎಂಬ ಮಾತು ಜನ್ಮಕ್ಕೂ ಅಂಟುತ್ತಿರಲಿಲ್ಲ. ಅವನು ಮಾತ್ರ ಉಳಿದ ದಿನಗಳನ್ನೆಲ್ಲ ಹೀಗೇ ಕೂಗುತ್ತಾ ಕಳೆಯಬೇಕಾಗುತ್ತಿತ್ತು. ಒಳಗಿನಿಂದ ಇನ್ನೊಂದು ಕೂಗು ಬಂತು.

"ಪಟ್ಟಿ ಮಾಡಿದ್ದಲ್ಲ ಡಾಕ್ಟ್ರೇ, ನಾನು ಮಾಡಿದ್ದು," ಎಂದಳು ಇಸ್ತ್ರಿಯಕ್ಕ. "ಬೆಳಗ್ಗೆಯಿಂದ ಬೆನ್ನಿಗೆ ಇಸ್ತ್ರಿ ಬಟ್ಟೆ ಇಟ್ಟೆ. ಬಿಸಿಬಿಸಿಯಾಗಿ. ಪಟ್ಟಿ ಮೇಲೇ ಇಟ್ಟೆ. ನರ್ಸಮ್ಮ ಕೇಳಿದಾಗ ಸುಳ್ಳು ಹೇಳಿದೆ. ಔಷಧಿ ಕಮ್ಮಿ ಮಾಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತಿಗೆಯ ಕೈ ಅವಳ ಕೆನ್ನೆಗೆ ಬಿತ್ತು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಸ್ತ್ರಿಯಕ್ಕ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ, ಡಾಕ್ಟರ ಕೈಯ ಕಾಗದವನ್ನೇ ನೋಡುತ್ತಿದ್ದಳು.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. "ಹಾಗಾದ್ರೆ ಪ್ರಮಾಣ ತಪ್ಪಲ್ಲ, ಬಿಸಿ ತಪ್ಪು. ಚರ್ಮದೊಳಗೆ ಉಳಿದಿರೋದು ಇನ್ನೂ ಇಳೀತಿರುತ್ತೆ, ನಾಳೆವರೆಗೂ ಇಲ್ಲೇ ನೋಡ್ಕೋತೀವಿ. ಆಮೇಲೆ ಅದೇ ಪಟ್ಟಿ. ಮಧ್ಯೆ ನೋವು ಬಂದ್ರೆ ಕೆನ್ನೆಯೊಳಗೆ ಬಿಡೋಕೆ ಹನಿ ಕೊಡ್ತೀನಿ, ಎಷ್ಟು ಹೇಳ್ತೀನೋ ಅಷ್ಟೇ." ಕಾಗದವನ್ನು ಅವಳ ಕೈಗಿಟ್ಟು ಹೇಳಿದರು, "ಬೆಳಗ್ಗೆ ಫೋನ್ ಮಾಡಿದ್ರೂ ಅದನ್ನೇ ಕೊಡ್ತಿದ್ವಿ."

ಆ ಕೊನೆಯ ಮಾತು ಕೆನ್ನೆಯ ಏಟಿಗಿಂತ ಜೋರಾಗಿ ತಾಗಿತು. ಕೇಳಿಸಿಕೊಂಡ ಅತ್ತಿಗೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಗೆರೆಯಣ್ಣ ಮನೆಗೆ ಬಂದ ಮೂರನೆಯ ದಿನ ಚಳಿ ಎಂದ. ಕೂಗು ನಿಂತಿತ್ತು, ಬೆನ್ನ ಮೇಲೆ ಹೊಸ ಪಟ್ಟಿಯಿತ್ತು. "ಬೆನ್ನಿಗೆ ಬಟ್ಟೆ ಒತ್ತೇ," ಎಂದು ಕೇಳಿದ.

"ಇನ್ಮೇಲೆ ಇಲ್ಲ ರೀ."

"ಹೋಗೋವನಿಗೆ ಒಂದು ಬಟ್ಟೆ ಬಿಸಿ ಮಾಡಿಕೊಡೋಕೂ ಆಗಲ್ವೇನೇ?"

ಅವಳು ಇನ್ನೊಂದು ಕಂಬಳಿ ಸೊಂಟದಿಂದ ಕೆಳಕ್ಕೆ ಹೊದಿಸಿದಳು. ಹೊರಗೆ ಬಂದು, ಅವನಿಗೆ ತೊಡಿಸಲೆಂದು ದಪ್ಪ ಅಂಗಿಯೊಂದನ್ನು ಮೇಜಿನ ಮೇಲೆ ಹಾಸಿ, ಅವನಂತೆಯೇ ಕಾಲರನ್ನು ಎರಡು ತುದಿಗಳಿಂದ ನಡುವಿಗೆ ಒತ್ತಿ, ತೋಳಿಗೆ ಗೆರೆ ಹಾಕಿದಳು. ಪೆಟ್ಟಿಗೆ ಆರಿಸಿದಳು. ಆಮೇಲೆ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಸ್ಟೂಲಿನ ಮೇಲೆ ಕುಳಿತಳು. ಇಪ್ಪತ್ತಾರು ವರ್ಷ ಬಿಸಿ ಆರುವ ಮುಂಚೆ ಮಡಚಿದವಳು, ಈಗ ಆರಲಿ ಎಂದು ಕೂತಳು. ಅಂಗೈ ಇಟ್ಟು ನೋಡಿದಳು. ತನ್ನ ಅಂಗೈಯನ್ನು ನಂಬದೆ ಕೆನ್ನೆ ಒತ್ತಿ ನೋಡಿದಳು.

ಆಸ್ಪತ್ರೆಯ ಆ ದಿನದಿಂದ ಅವಳೊಂದಿಗೆ ಮಾತು ಬಿಟ್ಟಿದ್ದ ಅತ್ತಿಗೆ ಬಂದು ಎದುರಿನ ಹಲಗೆಯ ಮೇಲೆ ಕುಳಿತಳು. ಕೈ ಚಾಚಿ ಅಂಗಿಯ ಬೆನ್ನಿನ ಭಾಗವನ್ನು ಮುಟ್ಟಿದಳು.

"ಇನ್ನೂ ಸ್ವಲ್ಪ ಬಿಸಿ ಇದೆ," ಎಂದಳು. "ತಾಳು."

ಇಬ್ಬರೂ ಅಂಗಿಯನ್ನು ನಡುವೆ ಇಟ್ಟುಕೊಂಡು ಕಾದರು.