ಎಡಗಡೆಯ ಜೇಬು

ನಜೀರ್‌ಭಾಯ್ ಬಿಳಿ ಬಟ್ಟೆಯನ್ನು ಮಡಿಸಿ, ಹೆಬ್ಬೆರಳ ಉಗುರಿನಿಂದ ಗೀರಿ, ಇನ್ನೇನು ಕತ್ತರಿ ಹಾಕಬೇಕು, ಪುರೋಹಿತ ಅವನ ಮುಂಗೈ ಹಿಡಿದುಕೊಂಡ.

"ಏ, ಏನ್ ಮಾಡ್ತಿದ್ದೀರಿ? ಹೆಣಕ್ಕೆ ಹೊದಿಸೋ ಬಟ್ಟೆಗೆ ಕತ್ತರಿ ಹಾಕ್ತಾರಾ? ಕೈಯಲ್ಲಿ ಹರೀಬೇಕು."

"ತಪ್ಪಾಯ್ತು ಮಹಾರಾಜ್. ಬಟ್ಟೆ ಕಂಡ್ರೆ ಕೈ ತಾನಾಗೇ ಹೋಗುತ್ತೆ."

ಅವನು ಕತ್ತರಿಯನ್ನು ಚೀಲಕ್ಕೆ ಹಾಕಿ ಬಟ್ಟೆಯನ್ನು ಪರ್ರನೆ ಹರಿದ. ನಲವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ಹೊಲಿದ ಕೈ ಅದು. ಅದರ ಮೇಲೆ ಈಗ ಅವನ ಅಧಿಕಾರ ಅಷ್ಟಕ್ಕಷ್ಟೇ. ಹೀಗೆ ತಾನಾಗಿ ಹೋಗಿ ಅದು ಮಾಡಿದ ಒಂದು ಕೆಲಸದಿಂದಲೇ ಈ ಮನೆಯ ಮಗ ನಾಲ್ಕು ವರ್ಷದಿಂದ ಹೊಸ್ತಿಲು ತುಳಿದಿರಲಿಲ್ಲ. ವಿಷಯ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರಾದ, ಆ ದರ್ಜಿ ಅಂಗಡಿಯ ಒಡೆಯ ವಾಮನ ಬಗಾಡೆ ಮಾಸ್ತರರು ಈಗ ಚಾಪೆಯ ಮೇಲೆ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ಇನ್ನೊಬ್ಬ ತಾನು. ಇವತ್ತು ಯಶವಂತ ಬಂದರೆ ಹೇಳಿಯೇ ಬಿಡಬೇಕು, ಮಾಸ್ತರರು ಎದ್ದು ಬಂದು ಬಾಯಿ ಮುಚ್ಚಿಸುವ ಹಾಗಿಲ್ಲವಲ್ಲ ಎಂದು ನಜೀರ್‌ಭಾಯ್ ಬೆಳಿಗ್ಗೆಯೇ ನಿಶ್ಚಯ ಮಾಡಿಕೊಂಡಿದ್ದ.

ಆದರೆ ಯಶವಂತ ಬರಬೇಕಲ್ಲ.

ಪರೇಲಿನ ಆ ಚಾಳಿನ ಮೂರನೆಯ ಮಹಡಿಯ ಪಡಸಾಲೆ ಜನರಿಂದ ತುಂಬಿತ್ತು. ಸಿನಿಮಾದವರಿಗೆ ಬಟ್ಟೆ ಹೊಲಿದವರ ಮನೆಯ ಸಾವೆಂದರೆ ನೋಡುವಂತಿರುತ್ತದೆ: ಮೇಕಪ್ಪಿನವರು, ಲೈಟು ಹೊರುವವರು, ಯಾವಾಗಲೂ ಏಟು ತಿನ್ನುವ ಗೂಂಡಾಗಳು, ಎಲ್ಲರೂ ಚಪ್ಪಲಿ ಕಳಚಿ ಮೆತ್ತಗೆ ನಿಂತಿದ್ದರು. ಒಳಗೆ ಇಂದುತಾಯಿ ಗಂಡನ ತಲೆಯ ಬಳಿ ಕೂತು ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

"ಇಂದುತಾಯಿ, ಹನ್ನೊಂದೂವರೆ ಆಯ್ತು," ಎಂದ ಪುರೋಹಿತ. "ಎಷ್ಟು ಹೊತ್ತು ಅಂತ ಕಾಯೋದು? ತಮ್ಮನ ಮಗ ಇದ್ದಾನಲ್ಲ, ಮಡಕೆ ಅವನು ಹಿಡೀಲಿ."

"ಹೊಟ್ಟೇಲಿ ಹುಟ್ಟಿದವನು ಊರಲ್ಲೇ ಇರುವಾಗ ತಮ್ಮನ ಮಗ ಯಾಕೆ ಹಿಡೀಬೇಕು?"

"ಫೋನ್ ಹಚ್ಚಿದ್ದೆ," ಎಂದಳು ಪಕ್ಕದ ಖೋಲಿಯ ಪ್ರಮೀಳಾ. "ಯಾವನೋ ಮಂತ್ರಿ ಮೆರವಣಿಗೆಯಂತೆ. ಬಂದೋಬಸ್ತ್‌ನಲ್ಲಿದ್ದೀನಿ, ಬರ್ತೀನಿ ಅಂದ. ಅಷ್ಟೇ ಅಂದಿದ್ದು."

"ಬರ್ತೀನಿ ಅಂದಮೇಲೆ ಬರ್ತಾನೆ," ಎಂದಳು ಇಂದುತಾಯಿ. ಹಾಗೆನ್ನುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಆಗಲೇ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕೆಳಗಿನಿಂದ ಯಾರೋ ಕೂಗಿದರು: "ಪೊಲೀಸ್ ಬಂದ, ದಾರಿ ಬಿಡ್ರೋ!"

ಇಂದುತಾಯಿ ಎದ್ದೇ ಬಿಟ್ಟಳು. ಮಂಡಿನೋವಿನಿಂದ ಸ್ನಾನಕ್ಕೆ ಹೋಗಲೂ ಇನ್ನೊಬ್ಬರ ಕೈ ಹಿಡಿಯುತ್ತಿದ್ದವಳು ಗೋಡೆಯನ್ನೂ ಹಿಡಿಯದೆ ಬಾಗಿಲವರೆಗೆ ಬಂದಳು. ಜನರ ನಡುವಿನಿಂದ ಖಾಕಿ ಟೋಪಿ, ಖಾಕಿ ಅಂಗಿ ಮೇಲೆ ಬಂತು. ಟೋಪಿಯ ಕೆಳಗೆ ಅರವತ್ತು ದಾಟಿದ ಮುಖ, ಕೆನ್ನೆಗೆ ಬಣ್ಣ, ಅಂಟಿಸಿದ ಮೀಸೆ.

ಮೂವತ್ತು ವರ್ಷದಿಂದ ಸಿನಿಮಾಗಳಲ್ಲಿ ಇನ್ಸ್‌ಪೆಕ್ಟರನ ಹಿಂದೆ ನಿಲ್ಲುವ ಹವಾಲ್ದಾರ ಭೋಲಾನಾಥ.

"ಶೂಟಿಂಗ್ ಬಿಟ್ಟು ಹಂಗೇ ಓಡಿ ಬಂದೆ, ಭಾಭಿ," ಎಂದ ಅವನು ಏದುಸಿರು ಬಿಡುತ್ತ. "ಊಟ ಆದ್ಮೇಲೆ ನಂದೊಂದು ಸೆಲ್ಯೂಟ್ ಇದೆ, ಬಟ್ಟೆ ಬದಲಾಯಿಸಿದ್ರೆ ತಡ ಆಗುತ್ತೆ ಅಂತ..."

ಇಂದುತಾಯಿ ಅವನ ಅಂಟಿಸಿದ ಮೀಸೆಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಹಿಂದಕ್ಕೆ ಹೋಗಿ ಕೂತಳು. ಪ್ರಮೀಳಾ ಭೋಲಾನಾಥನನ್ನು ಪಡಸಾಲೆಯ ಮೂಲೆಗೆ ಎಳೆದಳು.

"ಬುದ್ಧಿ ಎಲ್ಲಿ ಅಡ ಇಟ್ಟಿದ್ದೀರಾ? ಆಕೆ ಮಗನ ದಾರಿ ಕಾಯ್ತಿದ್ದಾಳೆ, ನೀವು ಈ ವೇಷದಲ್ಲಿ ಬರ್ತೀರಾ?"

"ನಂಗೇನ್ ಗೊತ್ತಮ್ಮಾ!" ಭೋಲಾನಾಥನಿಗೆ ನಿಜಕ್ಕೂ ಸಂಕಟವಾಯಿತು. ಅವನು ಬಗ್ಗಿ ಕಾಲುಚೀಲದೊಳಗಿನಿಂದ ತಂಬಾಕಿನ ಪೊಟ್ಟಣ ತೆಗೆದ.

"ಥೂ, ಅಲ್ಲಿಡ್ತೀರಾ? ಜೇಬಿಲ್ವಾ?"

"ಇದು ಬಗಾಡೆ ಮಾಸ್ತರರ ಅಂಗಿ, ತಾಯಿ. ಇದರಲ್ಲಿ ಜೇಬು ನೋಡೋಕೆ ಮಾತ್ರ." ಭೋಲಾನಾಥ ಎಡಗಡೆಯ ಜೇಬಿನ ಮುಚ್ಚಳ ಎತ್ತಲು ನೋಡಿದ, ಅದು ಏಳಲಿಲ್ಲ. "ನೋಡಿ, ಸುತ್ತ ಹೊಲಿದುಬಿಟ್ಟಿದ್ದಾರೆ. ಇಪ್ಪತ್ತು ವರ್ಷದಿಂದ ಈ ಅಂಗೀಲಿ ಪೊಲೀಸಾಗಿದ್ದೀನಿ, ಎಡಗಡೆ ಜೇಬಲ್ಲಿ ಒಂದು ಬೀಡಿ ಇಟ್ಟವನಲ್ಲ."

ಹತ್ತಿರ ನಿಂತಿದ್ದ ಒಂದಿಬ್ಬರು ನಗು ತಡೆದುಕೊಂಡರು. ನಜೀರ್‌ಭಾಯ್ ಮಾತ್ರ ಮುಖ ತಿರುಗಿಸಿ ಬಿಳಿ ಬಟ್ಟೆಯ ಮಡಿಕೆಗಳನ್ನು ಮತ್ತೆ ಮತ್ತೆ ಸರಿಮಾಡತೊಡಗಿದ.

*

ಜೇಬು ಮುಚ್ಚುವ ಪದ್ಧತಿ ಶುರುವಾದದ್ದು ಇನ್ಸ್‌ಪೆಕ್ಟರ್ ದೇವದತ್ತನ ಸಿನಿಮಾದಿಂದ. ಲಂಚ ಮುಟ್ಟದ ಒಬ್ಬ ಇನ್ಸ್‌ಪೆಕ್ಟರ್ ಒಬ್ಬನೇ ಇಡೀ ಊರಿನ ಕಳ್ಳಸಾಗಣೆದಾರರನ್ನೂ ಮಂತ್ರಿಗಳನ್ನೂ ಸದೆಬಡಿಯುವ ಕತೆ. ಅದರಲ್ಲೊಂದು ದೊಡ್ಡ ದೃಶ್ಯ: ಸೇಠ್‌ಜಿ ನೋಟಿನ ಕಟ್ಟು ಚಾಚುತ್ತಾನೆ, ದೇವದತ್ತ ಅದನ್ನು ಅವನ ಮುಖಕ್ಕೇ ಎಸೆಯುತ್ತಾನೆ. ಎಸೆದ ನಾಯಕನಟನ ಎಡಜೇಬಿನಲ್ಲಿ ಸಿಗರೇಟಿನ ಪ್ಯಾಕು ಇತ್ತು. ಒಂದು ಶಾಟ್‌ನಲ್ಲಿ ಜೇಬು ಉಬ್ಬಿದೆ, ಮುಂದಿನದರಲ್ಲಿ ಚಪ್ಪಟೆ. ಪ್ರಾಮಾಣಿಕನ ಜೇಬು ಉಬ್ಬಿದ್ದನ್ನು ಕಂಡ ನಿರ್ದೇಶಕ ತಲೆ ತಲೆ ಚಚ್ಚಿಕೊಂಡು ಇಡೀ ದಿನದ ಕೆಲಸವನ್ನು ಮತ್ತೆ ಮಾಡಿಸಿದ. ಮಾಸ್ತರರು ಅಲ್ಲೇ ಸೂಜಿ ತೆಗೆದು, ನಾಯಕನಟ ಅಂಗಿ ತೊಟ್ಟು ನಿಂತಿದ್ದಂತೆಯೇ, ಅವನ ಜೇಬನ್ನು ಹೊಲಿದುಬಿಟ್ಟರು. ಅಂದಿನಿಂದ ಅವರ ಅಂಗಡಿಯ ಯಾವ ಪೊಲೀಸ್ ಅಂಗಿಯೂ ಎಡಜೇಬು ಮುಚ್ಚದೆ ಹೊರಬೀಳಲಿಲ್ಲ. ಮುಚ್ಚುವ ಕೆಲಸ ನಜೀರ್‌ಭಾಯ್‌ನದು.

ಆ ಶೂಟಿಂಗಿಗೆ ಏಳು ವರ್ಷದ ಯಶವಂತನೂ ಹೋಗಿದ್ದ. ನಾಯಕ ತನ್ನ ಟೋಪಿಯನ್ನು ಅವನ ತಲೆಗಿಟ್ಟ. ಅದು ಮೂಗಿನವರೆಗೆ ಇಳಿಯಿತು. ಆ ಟೋಪಿ ಮತ್ತೆ ತಲೆಯಿಂದ ಇಳಿಯಲೇ ಇಲ್ಲ ಎನ್ನಬೇಕು. ಸಿನಿಮಾವನ್ನು ಹುಡುಗ ಹನ್ನೊಂದು ಸಲ ನೋಡಿದ. ದೊಡ್ಡವನಾಗಿ ಪೊಲೀಸ್ ಪರೀಕ್ಷೆಗೆ ಎರಡು ಸಲ ಕೂತು, ಮೂರನೆಯ ಸಲ ಪಾಸಾದ. ಮೊದಲ ಅಂಗಿ ಬಾಬಾನೇ ಹೊಲಿಯಬೇಕೆಂದು ಹಟ ಹಿಡಿದ.

ಮಾಸ್ತರರು ಮಗನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಎರಡೆರಡು ಸಲ ಅಳತೆ ತೆಗೆದರು. ಯಾವ ನಾಯಕನಟನಿಗೂ ಅಷ್ಟು ತೆಗೆದವರಲ್ಲ. ಕತ್ತರಿಸಿದ್ದು ಅವರು, ಹೊಲಿದದ್ದು ಅವರು. ಕೊನೆಯ ದಿನ ಗುಂಡಿ ಹಚ್ಚಲು ಮಾತ್ರ ನಜೀರ್‌ಭಾಯ್‌ನ ಮೇಜಿಗೆ ಬಂತು. ಅವನ ಮೇಜಿನ ಮೇಲೆ ಆಗ ಒಂದು ಗಲಭೆಯ ದೃಶ್ಯಕ್ಕೆಂದು ನಲವತ್ತು ಪೊಲೀಸ್ ಅಂಗಿಗಳ ರಾಶಿ ಇತ್ತು. ಅವನು ಹಾಡು ಗುನುಗುತ್ತ ಒಂದೊಂದೇ ಜೇಬು ಮುಚ್ಚುತ್ತ ಹೋದ. ನಲವತ್ತೊಂದು ಮುಚ್ಚಿದ.

*

ಕೆಲಸಕ್ಕೆ ಸೇರಿದ ಮೂರನೆಯ ದಿನ ಯಶವಂತ ಅಂಗಡಿಗೆ ಬಂದ. ಮುಖ ಕಪ್ಪಿಟ್ಟಿತ್ತು.

"ಬಾಬಾ, ಇದೇನಿದು?"

ಮಾಸ್ತರರು ಕನ್ನಡಕ ಏರಿಸಿಕೊಂಡು ಜೇಬು ನೋಡಿದರು.

"ಠಾಣೇಲಿ ಹಿರಿಯವನೊಬ್ಬ ಏನೋ ತಂದು ನನ್ನ ಜೇಬಿಗೆ ತುರುಕೋಕೆ ನೋಡ್ದ. ನಾನು ಬೇಡ ಅನ್ನಬೇಕು ಅಂತಿದ್ದೆ, ದೇವರಾಣೆ ಅನ್ನಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಅವನ ಬೆರಳು ಒಳಗೆ ಹೋಗ್ಲಿಲ್ಲ. ಇಡೀ ಠಾಣೆ ಬಿದ್ದು ಬಿದ್ದು ನಗ್ತು. 'ಲೇ, ಇವನ ಅಪ್ಪ ಮಗನ್ನ ನಂಬದೆ ಜೇಬು ಹೊಲಿದು ಕಳಿಸಿದ್ದಾನೆ ನೋಡ್ರೋ' ಅಂತ. ಹೌದಾ ಬಾಬಾ? ನಾನು ಕಳ್ಳ ಆಗ್ತೀನಿ ಅಂತ ಮೊದಲ್ನೇ ದಿನಾನೇ ಗೊತ್ತಿತ್ತಾ ನಿಮಗೆ?"

ಮಾಸ್ತರರು ಹೊಲಿಗೆಯ ಮೇಲೆ ಬೆರಳಾಡಿಸಿದರು. ಯಾರ ಹೊಲಿಗೆ ಎಂದು ತಿಳಿಯಲು ಅವರಿಗೆ ಕಣ್ಣೂ ಬೇಕಿರಲಿಲ್ಲ. ನಜೀರ್‌ಭಾಯ್ ಎದ್ದು ನಿಂತ, ಬಾಯಿ ತೆರೆದ.

"ನಜೀರ್, ಇಸ್ತ್ರಿ ಸುಡ್ತಾ ಇದೆ ನೋಡು," ಎಂದರು ಮಾಸ್ತರರು. ಇಸ್ತ್ರಿಪೆಟ್ಟಿಗೆಗೆ ಆವತ್ತು ಕೆಂಡವನ್ನೇ ಹಾಕಿರಲಿಲ್ಲ. ಆಮೇಲೆ ಮಗನಿಗೆ ಹೇಳಿದರು: "ನನ್ನ ಅಂಗಡಿಯ ಕೆಲಸ ಅದು. ನಾನೇ ಹೊಲಿದೆ ಅಂತ ತಿಳ್ಕೊ."

"ಯಾಕೆ ಅಂತ ಹೇಳಿ."

ಮಾಸ್ತರರು ಮಿಷನ್ನಿನ ಸೂಜಿಗೆ ದಾರ ಪೋಣಿಸತೊಡಗಿದರು. ಯಶವಂತ ಪೊಲೀಸ್ ವಸತಿಗೆ ಹೋದವನು ತಿರುಗಿ ಬರಲಿಲ್ಲ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ ಮಾಸ್ತರ್?" ನಜೀರ್‌ಭಾಯ್ ಅತ್ತುಬಿಟ್ಟಿದ್ದ.

"ಗಿರಾಕಿ ಮುಂದೆ ಕಾರಿಗರನ ಹೆಸರು ಎತ್ತಬಾರದು. ಅಂಗಡಿ ಬಾಗಿಲು ದಾಟಿದ ತಪ್ಪು ಮಾಸ್ತರನದು. ಇಷ್ಟು ವರ್ಷ ಹಾಗೇ ನಡೆಸಿದ್ದೀನಿ."

"ಅವನು ಗಿರಾಕೀನಾ? ನಿಮ್ಮ ಮಗ!"

"ಅಳತೆ ಕೊಟ್ಟವನು ಗಿರಾಕೀನೇ," ಎಂದು ಮಾಸ್ತರರು ಮಿಷನ್ ತುಳಿಯತೊಡಗಿದರು. "ನೀನು ಹೋಗಿ ಹೇಳಿದ್ಯೋ, ನಾಳೆಯಿಂದ ಅಂಗಡಿಗೆ ಬರಬೇಡ." ಎಂಥ ಹಟಮಾರಿ ಮನುಷ್ಯ! ತಾನಾಗಿಯೇ ಬರುತ್ತಾನೆ ಎಂದು ನಾಲ್ಕು ವರ್ಷ ಬಾಗಿಲ ಕಡೆ ಮುಖ ಮಾಡಿಯೇ ಕೂತು ಹೊಲಿದರು.

*

ಹನ್ನೆರಡಾಯಿತು. ಪುರೋಹಿತ ತಮ್ಮನ ಮಗನನ್ನು ಕರೆದು ಮಡಕೆಯ ಬಳಿ ನಿಲ್ಲಿಸಿದ. ಆಗ ಮತ್ತೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಈ ಸಲ ಕೆಳಗಿನಿಂದ ಯಾರೂ ಕೂಗಲಿಲ್ಲ. ಇಂದುತಾಯಿಯೂ ಏಳಲಿಲ್ಲ.

ಯಶವಂತ ಬಾಗಿಲಲ್ಲಿ ನಿಂತ. ಬಿಸಿಲಿಗೆ ಮುಖ ಸುಟ್ಟಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಬಿಡುಗಡೆ ಸಿಗೋಕೆ ಹೊತ್ತಾಯ್ತು, ಆಯಿ."

"ನಾಲ್ಕು ವರ್ಷ ಹೊತ್ತಾಯ್ತೇನೋ?" ಎಂದಳು ಇಂದುತಾಯಿ. ಅವನು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಾಗ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು; ಗುದ್ದುತ್ತ ಗುದ್ದುತ್ತ ಅಲ್ಲೇ ತಲೆಯಿಟ್ಟಳು. ಭೋಲಾನಾಥ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮೂಗು ಒರೆಸಿಕೊಂಡ. ಮೀಸೆ ಅರ್ಧ ಕೈಗೆ ಬಂತು.

ಯಶವಂತ ತಂದೆಯ ಬಾಯಿಗೆ ತುಳಸಿನೀರು ಬಿಟ್ಟ, ಕೆಂಡದ ಮಡಕೆ ಹಿಡಿದು ಚಟ್ಟದ ಮುಂದೆ ನಡೆದ. ದಾರಿಯುದ್ದಕ್ಕೂ ನಜೀರ್‌ಭಾಯ್ ಮಾತನ್ನು ಮನಸ್ಸಿನಲ್ಲೇ ಹೊಸೆದ. ಹೊಲಿದದ್ದು ನಾನು, ನಿಮ್ಮ ಬಾಬಾಗೆ ನಿನ್ನ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಎರಡೇ ಮಾತು. ಇಷ್ಟಕ್ಕೆ ನಾಲ್ಕು ವರ್ಷ ಬೇಕಾಯಿತೇ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಸ್ಮಶಾನದಲ್ಲಿ ಯಶವಂತ ಖಾಕಿ ಅಂಗಿ ಕಳಚಿ ನಜೀರ್‌ಭಾಯ್‌ನ ಕೈಗೆ ಕೊಟ್ಟ.

"ಬೇಟಾ, ಒಂದು ಮಾತು ಹೇಳೋದಿತ್ತು."

"ಎಲ್ಲ ಮುಗೀಲಿ ಚಾಚಾ."

ಅವನು ನೀರಿನ ಮಡಕೆಯನ್ನು ಹೆಗಲ ಮೇಲಿಟ್ಟು ಚಿತೆಯನ್ನು ಸುತ್ತಿದ. ಪುರೋಹಿತ ಚೂಪುಕಲ್ಲಿನಿಂದ ಮಡಕೆಗೆ ಒಂದೊಂದು ಸುತ್ತಿಗೂ ತೂತು ಮಾಡಿದ. ಮಡಕೆ ಹಿಂದಕ್ಕೆ ಬಿದ್ದು ಒಡೆಯಿತು, ಬೆಂಕಿ ಹತ್ತಿತು. ಪುರೋಹಿತ ಆ ಕಲ್ಲನ್ನು ತೊಳೆದು ಯಶವಂತನ ಅಂಗೈಗಿಟ್ಟ.

"ಹತ್ತನೇ ದಿನದವರೆಗೆ ಇದೇ ನಿಮ್ಮ ಅಪ್ಪ. ನೆಲದ ಮೇಲೆ ಇಡಬೇಡ, ಕಳೀಬೇಡ."

ಯಶವಂತ ಕಲ್ಲನ್ನು ನಜೀರ್‌ಭಾಯ್‌ಗೆ ಚಾಚಿದ. "ಚಾಚಾ, ಅಂಗಿ ಜೇಬಲ್ಲಿ ಹಾಕಿ."

ನಜೀರ್‌ಭಾಯ್ ಎಡಗಡೆಯ ಜೇಬಿನ ಮುಚ್ಚಳ ಎತ್ತಲು ಹೋದ. ಅದು ಏಳಲಿಲ್ಲ.

ಅವನು ಅಂಗಿಯನ್ನು ಬೆಳಕಿಗೆ ಹಿಡಿದ. ಇದು ಅವರ ಅಂಗಡಿಯದಲ್ಲ. ಆ ಅಂಗಿ ಎಂದೋ ಹರಿದಿರಬೇಕು. ಯಾವುದೋ ಸರ್ಕಾರಿ ಹೊಲಿಗೆಯ ಹೊಸ ಅಂಗಿ ಇದು. ಜೇಬಿನ ಸುತ್ತ ಕರಿದಾರದಲ್ಲಿ ಸೊಟ್ಟಸೊಟ್ಟ ಹೊಲಿಗೆ ಹಾಕಿತ್ತು, ಒಂದು ಉದ್ದ, ಒಂದು ಗಿಡ್ಡ. ಒಂದು ಮೂಲೆಯಲ್ಲಿ ಬಿಚ್ಚಿಕೊಂಡೂ ಇತ್ತು.

"ಎಡಗಡೆದಲ್ಲ, ಬಲಗಡೆದರಲ್ಲಿ ಹಾಕಿ," ಎಂದ ಯಶವಂತ. ಅವನು ಬೆಂಕಿಯನ್ನೇ ನೋಡುತ್ತಿದ್ದ. "ಎಡಗಡೆದು ಬಾಬಾ ಮುಚ್ಚಿದ್ದು. ಅಂಗಿ ಹೊಸದು ಬಂದ ಹಾಗೆಲ್ಲ ನಾನೇ ಹೊಲ್ಕೊಳ್ತೀನಿ. ನಿಮ್ಮ ಥರ ಬರಲ್ಲ."

ನಜೀರ್‌ಭಾಯ್ ಬಿಚ್ಚಿಕೊಂಡ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ.

"ಮೊದಲ್ನೇ ವರ್ಷ ಉರೀತಿತ್ತು ಚಾಚಾ. ಆಮೇಲೊಂದಿನ ಯಾವನೋ ನೋಟು ಚಾಚ್ದ, ಆವತ್ತು ನನಗೆ ಬೇಡ ಅನ್ನೋ ಮನಸ್ಸೂ ಇರ್ಲಿಲ್ಲ. ಕೈ ಜೇಬಿಗೆ ಹೋಯ್ತು. ಹೊಲಿಗೆ ಬೆರಳಿಗೆ ತಗಲ್ತು, ನೋಟು ತಿರುಗಿ ಕೊಟ್ಟುಬಿಟ್ಟೆ. ಬಾಬಾಗೆ ನಾನು ಎಂಥವನು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ಇದನ್ನ ಹೇಳೋಕೆ ಅಂತ ಎರಡು ಸಲ ಚಾಳಿನ ಮೆಟ್ಟಿಲವರೆಗೆ ಬಂದೆ. ಯಾವ ಮುಖ ಇಟ್ಕೊಂಡು ಹತ್ತಲಿ ಅಂತ ವಾಪಸ್ ಹೋದೆ." ಅವನು ಮೊಣಕೈಯಿಂದ ಕಣ್ಣೊರೆಸಿಕೊಂಡ. "ನೀವೇನೋ ಹೇಳ್ಬೇಕು ಅಂದ್ರಲ್ಲ?"

ಚಿತೆಯಲ್ಲಿ ಕಟ್ಟಿಗೆಯೊಂದು ಜಾರಿ ಕಿಡಿ ಎದ್ದಿತು. ನಜೀರ್‌ಭಾಯ್ ಅತ್ತ ನೋಡಿದ. ನಾಲ್ಕು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡಿದರೆ ತನ್ನ ಎದೆ ಹಗುರಾಗುತ್ತಿತ್ತು.

"ಏನಿಲ್ಲ ಬೇಟಾ," ಎಂದ. "ಹೊಲಿಗೆ ಸರಿ ಇಲ್ಲ. ಅಷ್ಟೇ."

ಅವನು ಕಲ್ಲನ್ನು ಬಲಜೇಬಿಗಿಟ್ಟು ಗುಂಡಿ ಹಾಕಿದ. ಕಟ್ಟೆಯ ಮೇಲೆ ಕೂತು, ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ತನ್ನ ಕಾಲರಿನ ಹಿಂದೆ ಯಾವಾಗಲೂ ಚುಚ್ಚಿಕೊಂಡಿರುವ ಸೂಜಿಯನ್ನು ತೆಗೆದ. ಅದರಲ್ಲಿ ಖಾಕಿ ದಾರ ಪೋಣಿಸಿಯೇ ಇತ್ತು. ಸೊಟ್ಟ ಹೊಲಿಗೆಯನ್ನು ಬಿಚ್ಚಲಿಲ್ಲ. ಅದರ ಮೇಲೆಯೇ, ಬಿಚ್ಚಿಕೊಂಡಿದ್ದ ಮೂಲೆಯಿಂದ ಹಿಡಿದು, ಎಡಗಡೆಯ ಜೇಬನ್ನು ಸುತ್ತ ಒತ್ತೊತ್ತಾಗಿ ಹೊಲಿಯತೊಡಗಿದ.