ಗಂಗವ್ವನ ಹೆಸರಿಗೆ ಬಂದ ಹುಕುಂ

ಇದರಲ್ಲಿ ಒಂದು ಮಾತು ಸುಳ್ಳಾದರೂ, ಹೇಳಿದ ನಾಲಗೆಗೆ ಸಿರುಗುಪ್ಪದ ಬಿಸಿಲಿನಲ್ಲಿ ಒಂದು ಹನಿ ನೀರು ಸಿಗದಿರಲಿ.

ಕೆಂಚನಗುಡ್ಡದ ಕಡೆಯ ಕಾಲುವೆಯೊಂದಕ್ಕೆ ವಿರೂಪಾಕ್ಷಪ್ಪ ನೀರಗಂಟಿ. ತೂಬು ಎತ್ತಿ, ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಮೂವತ್ತು ವರ್ಷದಿಂದ ಅವನ ಕೆಲಸ, ಅವನ ಅನ್ನ.

ಸಮುದ್ರದಾಚೆಯ ದೊಡ್ಡ ಬ್ಯಾಂಕೊಂದು ಕಾಲುವೆ ರಿಪೇರಿಗೆ ಸಾಲ ಕೊಡುತ್ತೇನೆಂದಿತು. ಷರತ್ತು ಒಂದೇ: ನೀರು ಯಾರ ಕೈಯಲ್ಲಿದೆಯೆಂದು ಊರವರನ್ನೇ ಕೇಳಿ, ಅವರು ಹೇಳಿದವರಿಗೇ ತೂಬು ಒಪ್ಪಿಸುವ ಕಾನೂನು ತರಬೇಕು. ದಿಲ್ಲಿ ತಲೆಯಾಡಿಸಿತು. ದಿಲ್ಲಿಯನ್ನು ನೋಡಿ ಬೆಂಗಳೂರು ಆಡಿಸಿತು. ಬಳ್ಳಾರಿಯ ಗಾಂಧಿನಗರದ ನೀರಾವರಿ ಕಚೇರಿಗೆ ಬರುವಷ್ಟರಲ್ಲಿ ತಲೆಯಾಡಿಸಲು ಉಳಿದವನು ಗುಮಾಸ್ತ ಗೋಪಾಲಕೃಷ್ಣ ಒಬ್ಬನೇ. ಅವನು ಫಾರಮ್ಮು ಹಿಡಿದು ಊರಿಗೆ ಬಂದ.

“ನೀರು ಯಾರ ಕೈಯಾಗ ಅದರೀ?”

ಕಾಲುವೆ ದಂಡೆಯಲ್ಲಿ ನಿಂತು ನೀರು ಮನುಷ್ಯನದು ಅನ್ನುವ ಎದೆ ಯಾರಿಗಿದೆ? “ಗಂಗವ್ವನ ಕೈಯಾಗ್ರಿ,” ಎಂದಳು ಕೊನೆಯ ಗದ್ದೆಯ ಹಂಪಕ್ಕ. ನಲವತ್ತು ಮನೆಯವರೂ ಅದನ್ನೇ ಅಂದರು. ವಿರೂಪಾಕ್ಷಪ್ಪ ಕೂಡ ಕೆನ್ನೆ ಬಡಿದುಕೊಂಡು, “ಆ ತಾಯಿದ ಬಿಟ್ರ ನಂದೇನೈತ್ರಿ,” ಎಂದು ಹೆಬ್ಬೆಟ್ಟು ಒತ್ತಿದ.

ಫಾರಮ್ಮಿನಲ್ಲಿ ದೇವರಿಗೆ ಕಾಲಮ್ಮು ಇರಲಿಲ್ಲ. ಗೋಪಾಲಕೃಷ್ಣ ಬರೆದ: ಹೆಸರು, ಗಂಗವ್ವ. ಹೆಣ್ಣು. ವಯಸ್ಸು, ಬಹಳ.

ಬ್ಯಾಂಕು ಹಿಗ್ಗಿ ಹೀರೇಕಾಯಿಯಾಯಿತು. ಒಬ್ಬ ಮುದುಕಿ, ನಲವತ್ತು ಮನೆ, ಒಂದು ಜಗಳವಿಲ್ಲ! ಆರು ತಿಂಗಳಲ್ಲಿ ದಿಲ್ಲಿಯಲ್ಲಿ ‘ಗಂಗವ್ವ ನೀತಿ’ ಪಾಸಾಯಿತು. ಕುರುಗೋಡಿನಲ್ಲೂ ಗಂಗವ್ವಂದಿರನ್ನು ಹುಡುಕಿರೆಂದು ಹುಕುಂ ಬಂತು. ಮೂವರು ಸಿಕ್ಕರು, ಒಬ್ಬಳಿಗೆ ಕಣ್ಣು ಕಾಣದು. ನೀರಗಂಟಿಯ ಹುದ್ದೆ ರದ್ದಾಯಿತು.

ವಿರೂಪಾಕ್ಷಪ್ಪ ಗಾಂಧಿನಗರಕ್ಕೆ ಓಡಿದ. “ಸಾಹೇಬ್ರ, ಗಂಗವ್ವ ಅಂದ್ರ ದೇವ್ರು ಅಂತ ನಿಮಗ ಗೊತ್ತಿಲ್ಲೇನ್ರಿ?”

“ಗೊತ್ತದ. ಈಗ ಹಂಗಂತ ಬರದ್ರ ವರದಿ ಸುಳ್ಳಾಗ್ತದ, ಸಾಲ ನಿಲ್ತದ. ನೀವೂ ಹೆಬ್ಬೆಟ್ಟು ಒತ್ತೀರಲ್ಲ?”

ಒತ್ತಿದ್ದ. ತನ್ನ ಅನ್ನದ ಮೇಲೆ ತಾನೇ, ಭಕ್ತಿಯಿಂದ ಒತ್ತಿದ್ದ.

“ಇವತ್ತು ಹಂಪಕ್ಕನ ಪಾಳಿ ಐತ್ರಿ. ಹೊತ್ತು ಮುಳುಗೋದ್ರಾಗ ತೂಬು ಎತ್ತಲಿಲ್ಲಂದ್ರ ಆಕಿ ನೆಲ್ಲು ಹೋಗತೈತಿ. ಯಾರು ಎತ್ತಬೇಕ್ರಿ?”

“ಗಂಗವ್ವ.”

ವಿರೂಪಾಕ್ಷಪ್ಪ ಗೋಡೆ ಗಡಿಯಾರ ನೋಡಿದ. ಸಿರುಗುಪ್ಪದ ಬಸ್ಸಿಗೆ ಹತ್ತು ನಿಮಿಷವಿತ್ತು. ಅವನು ಎದ್ದ.

“ಕೂಡ್ರಿ, ಪೂರಾ ಕೇಳ್ರಿ,” ಎಂದ ಗೋಪಾಲಕೃಷ್ಣ. “ತೂಬಿನ ಕೀಲಿ ಆಕಿಗೆ ಕೊಟ್ಟು ಸಹಿ ತರಬೇಕು. ಇನ್ನ ಮ್ಯಾಲೆ ನೀವು ತೂಬು ಮುಟ್ಟಿದ್ರ ನೀರು ಕದ್ದಂಗ ಲೆಕ್ಕ, ಪೊಲೀಸ್ರು ಬರ್ತಾರ, ಆಮ್ಯಾಲ ನಾ ಏನೂ ಮಾಡ್ಲಿಕ್ಕೆ... ವಿರೂಪಾಕ್ಷಪ್ಪನವ್ರ, ಎಲ್ಲಿಗೆ ಹೊಂಟ್ರಿ? ನಾ ಇನ್ನಾ ಹೇಳಾಕ—”